ಮನೆಯ ಫೈರ್‌ವಾಲ್ ಲಾಗ್: ತೋರುವುದೆಷ್ಟು, ತೋರದಿರುವುದೆಷ್ಟು

ಮನೆಯ ರೂಟರಿನ ಫೈರ್‌ವಾಲ್ ಲಾಗನ್ನು, ಅಂದರೆ ಹೊರಗಿನಿಂದ ಬಂದು ತಡೆಯಲ್ಪಟ್ಟ ಸಂಪರ್ಕಗಳ ದಾಖಲೆಯನ್ನು, ಮೊದಲ ಸಲ ತೆರೆದು ನೋಡುವವರು ಸಾಮಾನ್ಯವಾಗಿ ಬೆಚ್ಚಿಬೀಳುತ್ತಾರೆ. ತಡೆಹಿಡಿದ ಸಂಪರ್ಕಗಳ ಸಾಲುಗಳು ನಿಮಿಷ ನಿಮಿಷಕ್ಕೂ ಬೆಳೆಯುತ್ತಿರುತ್ತವೆ. ಅವುಗಳ ಮೂಲವೆಂದು ಕಾಣುವ ವಿಳಾಸಗಳು ನೆದರ್ಲೆಂಡ್ಸ್, ಅಮೆರಿಕ, ಚೀನಾ, ಬಲ್ಗೇರಿಯಾ ಎಂದು ಭೂಪಟವನ್ನೆಲ್ಲ ಸುತ್ತಿ ಬರುತ್ತವೆ. ಬೆಳಗಾವಿಯಲ್ಲಿ ಕುಳಿತೇ ಪುಣೆ, ಬೆಂಗಳೂರಿನ ಕಂಪನಿಗಳಿಗೆ ದುಡಿಯುವ ಎಂಜಿನಿಯರುಗಳು, ಇಲ್ಲಿನ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ಹಳೆಯ ಕಂಪ್ಯೂಟರಿನ ಮೇಲೆ ಪಿಎಫ್‌ಸೆನ್ಸ್, ಅಗ್ಗದ ರೂಟರಿನ ಮೇಲೆ ಓಪನ್‌ಡಬ್ಲ್ಯೂಆರ್‌ಟಿಯಂತಹ ರೂಟರ್ ತಂತ್ರಾಂಶ ಹಾಕಿಕೊಳ್ಳುವುದು ಈಗ ಅಪರೂಪವೇನಲ್ಲ. ಅವರಿಂದ ಪದೇ ಪದೇ ಕೇಳಿಬರುವ ಮಾತು ಇದು: "ಸರ್, ರಾತ್ರಿಯೆಲ್ಲಾ ಯಾರೋ ನಮ್ಮ ಮನೀ ನೆಟ್‌ವರ್ಕಿಗೆ ನುಗ್ಗಾಕ ಹತ್ಯಾರ್ರೀ." ಯಾರೋ ನುಗ್ಗಲು ನೋಡುತ್ತಿರುವುದು ನಿಜ, ಆದರೆ ಅವರ ಕಣ್ಣು ಆ ಮನೆಯ ಮೇಲಿಲ್ಲ. ಈ ಲಾಗನ್ನು ಅಪಾಯದ ಗಂಟೆಯೆಂದು ಓದಿದರೆ ದಾರಿ ತಪ್ಪುತ್ತದೆ, ಅಳತೆಯ ಉಪಕರಣವೆಂದು ಓದಿದರೆ ಅದು ಬಹಳಷ್ಟನ್ನು ಹೇಳುತ್ತದೆ. ನಿಜವಾದ ಅಪಾಯವಾದರೋ ಬಹುತೇಕ ಸಂದರ್ಭಗಳಲ್ಲಿ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಒಂದು ಸಾಲನ್ನೇ ಹತ್ತಿರದಿಂದ ನೋಡೋಣ. ಲಿನಕ್ಸ್ ಆಧಾರಿತ ರೂಟರ್ ಬರೆದಿಡುವ ಸಾಲಿನಲ್ಲಿ ಸಮಯ, ಪ್ಯಾಕೆಟ್ (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು) ಒಳಬಂದ ಇಂಟರ್‌ಫೇಸ್, ಕಳಿಸಿದವರ ವಿಳಾಸ, ನಮ್ಮ ವಿಳಾಸ ಇವಿಷ್ಟರ ನಂತರ ಹೆಚ್ಚಿನವರು ಓದದೆ ಬಿಡುವ ಕೆಲವು ಅಂಕಿಗಳಿರುತ್ತವೆ: ಉದ್ದ 40, ಟಿಟಿಎಲ್ 240ರ ಆಸುಪಾಸು, ಐಡಿ 54321, ಪ್ರೋಟೋಕಾಲ್ ಟಿಸಿಪಿ, ಗುರಿ ಪೋರ್ಟ್ (ಸಾಧನದಲ್ಲಿ ಒಂದೊಂದು ಸೇವೆಯ ಬಾಗಿಲ ಸಂಖ್ಯೆ) 23, ವಿಂಡೋ 65535, ಕೊನೆಯಲ್ಲಿ ಸಿನ್, ಅಂದರೆ ಸಂಪರ್ಕ ಆರಂಭಿಸುವ ಕೋರಿಕೆ. ಸಾಮಾನ್ಯ ಕಂಪ್ಯೂಟರೊಂದು ಸಂಪರ್ಕ ಬಯಸಿ ಕಳಿಸುವ ಸಿನ್ ಪ್ಯಾಕೆಟ್ ತನ್ನ ಜೊತೆ ಹಲವು ಐಚ್ಛಿಕ ವಿವರಗಳನ್ನು ಹೊತ್ತು ತರುವುದರಿಂದ ಅದರ ಉದ್ದ ಸಾಮಾನ್ಯವಾಗಿ 52 ಅಥವಾ 60 ಬೈಟ್ ಇರುತ್ತದೆ. 40 ಬೈಟ್‌ಗೆ ಮುಗಿದುಹೋಗುವ ಪ್ಯಾಕೆಟ್ ಯಾವ ಆಪರೇಟಿಂಗ್ ಸಿಸ್ಟಮ್ಮಿನ ಸಹಜ ಕೆಲಸವೂ ಅಲ್ಲ, ಅದನ್ನು ಒಂದು ಸಾಧನ ಕೈಯಾರೆ ಜೋಡಿಸಿ ಎಸೆದಿದೆ. ದಾರಿಯ ಪ್ರತಿ ರೂಟರಿನಲ್ಲೂ ಒಂದೊಂದು ಇಳಿಯುವ ಎಣಿಕೆಯಾದ ಟಿಟಿಎಲ್ ಕೂಡ ಅದನ್ನೇ ಹೇಳುತ್ತದೆ: ಲಿನಕ್ಸ್ 64ರಿಂದ, ವಿಂಡೋಸ್ 128ರಿಂದ ಎಣಿಕೆ ಆರಂಭಿಸುತ್ತವೆ, 240ರ ಸುತ್ತಮುತ್ತ ಬಂದು ತಲುಪಿದ್ದು 255ರಿಂದ ಹೊರಟಿದ್ದು. ಇನ್ನು 54321 ಎಂಬ ಐಡಿಯಂತೂ ಹೆಚ್ಚುಕಡಿಮೆ ಸಹಿಯೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಬಿಡುಗಡೆ ಮಾಡಿದ, ಇಂಟರ್ನೆಟ್ ವಿಳಾಸಗಳನ್ನು ಜಾಲಾಡುವ ಜೀಮ್ಯಾಪ್ ಎಂಬ ಸಾಧನದ ಹಳೆಯ ಆವೃತ್ತಿಗಳು ಪ್ರತಿ ಪ್ಯಾಕೆಟ್ಟಿಗೂ ಇದೇ ಐಡಿಯನ್ನು ಹಾಕುತ್ತಿದ್ದವು, ಆ ಆವೃತ್ತಿಗಳನ್ನು ಹಾಗೆಯೇ ಬಳಸುವವರು ಇಂದಿಗೂ ಇದ್ದಾರೆ.

ಜೀಮ್ಯಾಪ್ ಬಂದ ಮೇಲೆ ಈ ಕ್ಷೇತ್ರದ ಅರ್ಥಶಾಸ್ತ್ರವೇ ಬದಲಾಯಿತು. ಅದಕ್ಕೂ ಮೊದಲು ಇಂಟರ್ನೆಟ್ಟಿನ ಎಲ್ಲ ವಿಳಾಸಗಳನ್ನು ಜಾಲಾಡುವುದು ವಾರ, ತಿಂಗಳುಗಳ ಕೆಲಸವಾಗಿತ್ತು. 2012ರಲ್ಲಿ ಅನಾಮಿಕನೊಬ್ಬ ಇಂಟರ್ನೆಟ್ ಜನಗಣತಿಯ ಹೆಸರಿನಲ್ಲಿ ಅದನ್ನು ಮಾಡಲು ಸುಮಾರು 4.2 ಲಕ್ಷ ಸಾಧನಗಳನ್ನು ಅಕ್ರಮವಾಗಿ ವಶಪಡಿಸಿಕೊಂಡಿದ್ದ. ಜೀಮ್ಯಾಪ್ ಒಂದು ಗಿಗಾಬಿಟ್ ಸಂಪರ್ಕವಿರುವ ಒಂದೇ ಯಂತ್ರದಿಂದ 45 ನಿಮಿಷಗಳೊಳಗೆ ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು ಪರೀಕ್ಷಿಸಿ ಮುಗಿಸಿತು. ಅದೇ ವರ್ಷ ಬಂದ ಮಾಸ್‌ಸ್ಕ್ಯಾನ್, ಜಾಲದ ವೇಗವಿದ್ದರೆ ಕೆಲವೇ ನಿಮಿಷ ಸಾಕೆಂದು ತೋರಿಸಿತು. ಎರಡೂ ಉಚಿತ, ಎರಡೂ ಯಾರಿಗೂ ಲಭ್ಯ. ಈಗ ತಿಂಗಳ ಬಾಡಿಗೆಗೆ ಸಿಗುವ ಸಾಧಾರಣ ಸರ್ವರ್ ಒಂದಿದ್ದರೆ ಜಗತ್ತನ್ನೇ ಜಾಲಾಡಬಹುದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಗಾಬರಿ ತಾನಾಗಿ ಇಳಿಯುತ್ತದೆ. ಐಪಿವಿ4 ವಿಳಾಸಗಳು, ಅಂದರೆ ಇಂಟರ್ನೆಟ್ಟಿನ ಹಳೆಯ ಬಗೆಯ ವಿಳಾಸಗಳು, ಒಟ್ಟು ಸುಮಾರು 429 ಕೋಟಿ. ಯಾರಾದರೂ ಅಷ್ಟನ್ನೂ ಒಂದು ಪೋರ್ಟಿಗಾಗಿ ಒಂದು ಸಲ ಪರೀಕ್ಷಿಸಿದರೆ ಪ್ರತಿ ವಿಳಾಸಕ್ಕೂ ಒಂದು ಪ್ಯಾಕೆಟ್ ಬರುತ್ತದೆ, ಅಂದರೆ ನಿಮ್ಮ ಲಾಗಿಗೆ ಒಂದು ಸಾಲು ಸೇರುತ್ತದೆ. ಬೆಳಗಾವಿಯ ಟಿಳಕವಾಡಿಯ ಓಣಿಯಲ್ಲಿ ಕರಪತ್ರ ಹಂಚುವ ಹುಡುಗ ಪ್ರತಿ ಗೇಟಿನೊಳಗೂ ಒಂದೊಂದು ಎಸೆದು ಹೋಗುವಾಗ ಒಳಗಿರುವವರ ಹೆಸರು ಅವನಿಗೆ ಬೇಕಾಗುವುದಿಲ್ಲ, ಇದೂ ಅಷ್ಟೇ. ನಿಮ್ಮ ಲಾಗಿನಲ್ಲಿ ಒಂದು ದಿನ ಸಾವಿರಾರು ಸಾಲುಗಳಿದ್ದರೆ ನಿಪ್ಪಾಣಿಯಲ್ಲಿರುವವರ ಲಾಗಿನಲ್ಲೂ ನೈರೋಬಿಯಲ್ಲಿರುವವರ ಲಾಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಲಾಗ್ ಉಪಕರಣವಾಗುತ್ತದೆ. ಸೋಂಕು ತಗುಲಿದ ಒಂದು ಸಿಸಿ ಕ್ಯಾಮೆರಾ ಯಾದೃಚ್ಛಿಕ ವಿಳಾಸಗಳಿಗೆ ಸೆಕೆಂಡಿಗೆ 100 ಪ್ಯಾಕೆಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಒಂದು ವಿಳಾಸವನ್ನು ಅದು ಸರಾಸರಿ ಸುಮಾರು 497 ದಿನಗಳಿಗೊಮ್ಮೆ ಮುಟ್ಟುತ್ತದೆ. ಆದುದರಿಂದ ಒಂದೇ ವಿಳಾಸ ದಿನಕ್ಕೆ ಹತ್ತಾರು ಬಾರಿ ನಿಮ್ಮ ಲಾಗಿನಲ್ಲಿ ಕಾಣಿಸಿಕೊಂಡರೆ ಅದು ಇಂತಹ ಬಡಪಾಯಿ ಕ್ಯಾಮೆರಾ ಅಲ್ಲ. ಭಾರೀ ವೇಗದ ಯಂತ್ರ, ಇಲ್ಲವೇ ಸಣ್ಣ ಪಟ್ಟಿಯೊಂದನ್ನು ಹಿಡಿದು ಹೊರಟದ್ದು. ಇನ್ನೊಂದು ಕಡೆಯಿಂದ, ಇದೇ ಬಗೆಯ ಸೋಂಕಿನ ಗುರುತಿರುವ ಹತ್ತು ಬೇರೆ ಬೇರೆ ವಿಳಾಸಗಳು ದಿನಕ್ಕೆ ನಿಮ್ಮನ್ನು ಮುಟ್ಟುತ್ತಿದ್ದರೆ, ಜಗತ್ತಿನಲ್ಲಿ ಆ ವೇಗದ ಸೋಂಕಿತ ಸಾಧನಗಳು ಐದು ಸಾವಿರದ ಆಸುಪಾಸಿನಲ್ಲಿವೆ ಎಂದು ಒರಟಾಗಿ ಅಂದಾಜಿಸಬಹುದು. ಒಂದೇ ವಿಳಾಸದ ಅಂದಾಜು ತೀರಾ ತೂಗಾಡುತ್ತದೆ, ನಿಜ. ಅದಕ್ಕಾಗಿಯೇ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಡಾ ಕೇಂದ್ರ ಯಾರೂ ಬಳಸದ ಒಂದು ಕೋಟಿಗೂ ಹೆಚ್ಚು ವಿಳಾಸಗಳನ್ನು ಸುಮ್ಮನೆ ತೆರೆದಿಟ್ಟು, ಅಲ್ಲಿಗೆ ಬರುವ ಅನಪೇಕ್ಷಿತ ಪ್ಯಾಕೆಟ್‌ಗಳನ್ನು ದಾಖಲಿಸುತ್ತದೆ. ಮನೆಯವರ ಲಾಗ್‌ಗಳನ್ನೇ ಒಟ್ಟುಗೂಡಿಸುವ ಪ್ರಯತ್ನವೂ ಹಳೆಯದು: 2000ದಲ್ಲಿ ಆರಂಭವಾದ ಡೀಶೀಲ್ಡ್‌ಗೆ ಸ್ವಯಂಸೇವಕರು ತಮ್ಮ ಲಾಗ್ ಕಳಿಸುತ್ತಾರೆ, 2001ರ ಮಾರ್ಚ್‌ನಲ್ಲಿ ಪೋರ್ಟ್ 53ರ ಮೇಲೆ ಸಾಲುಗಳು ಒಮ್ಮೆಲೆ ಏರಿದ್ದನ್ನು ಕಂಡೇ ಲಯನ್ ಎಂಬ ವರ್ಮ್ ಅನ್ನು (ತಾನಾಗಿ ಹರಡುವ ಕುತಂತ್ರಾಂಶ) ಬೇಗ ಗುರುತಿಸಲಾಯಿತು.

ಕಾಲಕ್ರಮದಲ್ಲಿ ಈ ಸಾಲುಗಳ ಸ್ವರೂಪ ಬದಲಾಗಿರುವ ಬಗೆ ಗಮನಾರ್ಹ. ಆರಂಭದ ವರ್ಷಗಳಲ್ಲಿ ಸದ್ದೆಲ್ಲ ವಿಂಡೋಸ್ ಕಂಪ್ಯೂಟರುಗಳದು. 2003ರ ಜನವರಿಯ ಸ್ಲ್ಯಾಮರ್ ವರ್ಮ್ ಯುಡಿಪಿ ಪೋರ್ಟ್ 1434ರ ಮೂಲಕ ಹಬ್ಬಿ, ದುರ್ಬಲ ಯಂತ್ರಗಳಲ್ಲಿ ಬಹುಪಾಲನ್ನು ಹತ್ತು ನಿಮಿಷಗಳಲ್ಲಿ ಹಿಡಿಯಿತು. ಅದೇ ವರ್ಷದ ಬ್ಲಾಸ್ಟರ್ 135ರ ಮೇಲೆ, 2008ರ ಕಾನ್‌ಫಿಕರ್ ಮತ್ತು 2017ರ ವಾನಾಕ್ರೈ 445ರ ಮೇಲೆ ಬಂದವು. ಆಗ ಲಾಗಿನಲ್ಲಿ ಎರಡು ಮೂರು ಪೋರ್ಟುಗಳದೇ ದರ್ಬಾರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಬಂದು ಚಿತ್ರ ಬದಲಾಯಿತು. ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ), ಕ್ಯಾಮೆರಾ, ರೂಟರುಗಳನ್ನು ಹುಡುಕುತ್ತ ಅದು 23 ಮತ್ತು 2323ನೇ ಪೋರ್ಟುಗಳಿಗೆ ಸುಮಾರು ಹತ್ತಕ್ಕೊಂದರ ಅನುಪಾತದಲ್ಲಿ ಪ್ಯಾಕೆಟ್ ಕಳಿಸುತ್ತಿತ್ತು, ಬಾಗಿಲು ತೆರೆದಿದ್ದ ಕಡೆ ಅರವತ್ತರಷ್ಟು ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸುತ್ತಿತ್ತು. ಅಮೆರಿಕದ ರಕ್ಷಣಾ ಇಲಾಖೆ, ಅಂಚೆ ಇಲಾಖೆಗಳ ವಿಳಾಸಗಳನ್ನು ಮುಟ್ಟಬಾರದೆಂದು ಅದರ ಕರ್ತೃಗಳು ಬರೆದಿಟ್ಟಿದ್ದರು; ಕಳ್ಳನಿಗೂ ಪೊಲೀಸ್ ಠಾಣೆ ಎಲ್ಲಿದೆಯೆಂದು ಗೊತ್ತಿತ್ತು. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಅದರ ಮೂಲ ಸಂಕೇತ ಬಹಿರಂಗವಾದ ಮೇಲೆ ಮರಿಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. ಮಿರಾಯ್ ಪ್ಯಾಕೆಟ್ಟಿನ ಗುರುತೊಂದಿದೆ: ಅದರ ಟಿಸಿಪಿ ಸೀಕ್ವೆನ್ಸ್ ಸಂಖ್ಯೆ ಗುರಿ ವಿಳಾಸಕ್ಕೆ ಸಮನಾಗಿರುತ್ತದೆ. ಸೀಕ್ವೆನ್ಸ್ ಸಂಖ್ಯೆಯನ್ನೂ ಬರೆಯುವಂತೆ ಲಾಗ್ ನಿಯಮವನ್ನು ಹೊಂದಿಸಿಕೊಂಡರೆ ಆ ಸಂತತಿಯನ್ನು ಮನೆಯಲ್ಲೇ ಬೇರ್ಪಡಿಸಬಹುದು.

ಈಚಿನ ವರ್ಷಗಳ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ದೂರದಿಂದ ಸಾಧನ ನಡೆಸುವ ಹಳೆಯ ಸೇವೆಯಾದ ಟೆಲ್ನೆಟ್ಟಿನ 23 ಇಂದಿಗೂ ಪಟ್ಟಿಯ ಮೇಲ್ಭಾಗದಲ್ಲಿಯೇ ಕಾಣುತ್ತದಾದರೂ ಒಟ್ಟು ಸಾಲುಗಳು ಈಗ ಸಾವಿರಾರು ಪೋರ್ಟುಗಳ ಮೇಲೆ ಹರಡಿಕೊಂಡಿವೆ. ಎಸ್‌ಎಸ್‌ಎಚ್‌ನ 22, ರಿಮೋಟ್ ಡೆಸ್ಕ್‌ಟಾಪಿನ 3389, ಇಂಟರ್ನೆಟ್ ಫೋನಿನ 5060, ಆಂಡ್ರಾಯ್ಡ್ ಪೆಟ್ಟಿಗೆಗಳ 5555, ಡಾಕರ್‌ನ 2375, ರೆಡಿಸ್‌ನ 6379 ಇವೆಲ್ಲದರ ಆಚೆಗೆ, ಯಾವ ಸೇವೆಗೂ ಸೇರದ ಐದಂಕಿಯ ಪೋರ್ಟುಗಳೂ ಬರುತ್ತವೆ. ಪೋರ್ಟ್ ಬದಲಾಯಿಸಿ ಬಚಾವಾಗಬಹುದೆಂಬ ಹಳೆಯ ಉಪಾಯ, ಅಂದರೆ 3389ರ ಬದಲು 33890 ಇಟ್ಟುಕೊಳ್ಳುವುದು, ಈಗ ಕೆಲಸಕ್ಕೆ ಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಳಿಸುವವರೂ ಬದಲಾಗಿದ್ದಾರೆ. ಸೋಂಕು ತಗುಲಿದ ಮನೆಗಳ ಸಾಧನಗಳ ಪಕ್ಕದಲ್ಲಿ ಈಗ ಡೇಟಾ ಸೆಂಟರುಗಳಿಂದ ಬಾಡಿಗೆಗೆ ಪಡೆದ ಯಂತ್ರಗಳು ನಿಂತಿವೆ. ಎಣಿಕೆಯಲ್ಲಿ ವಿಳಾಸಗಳು ಕಡಿಮೆಯಾದರೂ ಸಾಲುಗಳನ್ನು ತುಂಬಿಸುವವು ಅವೇ. ಅವುಗಳಲ್ಲಿ ಗಣನೀಯ ಭಾಗ ಬಹಿರಂಗವಾಗಿಯೇ ಈ ಕೆಲಸ ಮಾಡುವವರದು. 2009ರಿಂದ ನಡೆಯುತ್ತಿರುವ ಶೋಡಾನ್, ಮಿಶಿಗನ್ನಿನ ಸಂಶೋಧನೆಯಿಂದಲೇ ಬೆಳೆದ ಸೆನ್ಸಿಸ್, ಲಾಭದ ಉದ್ದೇಶವಿಲ್ಲದ ಶ್ಯಾಡೋಸರ್ವರ್ ಪ್ರತಿಷ್ಠಾನ, ಜೊತೆಗೆ ಹಲವು ವಿಶ್ವವಿದ್ಯಾಲಯಗಳು ಇಡೀ ಇಂಟರ್ನೆಟ್ಟನ್ನು ಪದೇ ಪದೇ ಸ್ಕ್ಯಾನ್ ಮಾಡುತ್ತವೆ. ಶ್ಯಾಡೋಸರ್ವರ್ ತಾನು ಕಂಡ ದುರ್ಬಲ ಸಾಧನಗಳ ವರದಿಯನ್ನು ಆಯಾ ಜಾಲದವರಿಗೆ ಉಚಿತವಾಗಿ ಕೊಡುತ್ತದೆ. ವಿಶ್ವವಿದ್ಯಾಲಯಗಳದು ಸಂಶೋಧನೆ, ಶೋಡಾನ್, ಸೆನ್ಸಿಸ್‌ಗಳ ಉದ್ದೇಶ ವ್ಯಾಪಾರ. ಕೇಳದೆ ಬರುವ ಈ ಅತಿಥಿಗಳನ್ನು ಒಳ್ಳೆಯವರೆನ್ನಬೇಕೋ ಬೇಡವೋ ಎಂಬುದು ಚರ್ಚೆಯ ವಿಷಯ. ನನಗಂತೂ ಶ್ಯಾಡೋಸರ್ವರ್‌ನ ಕೆಲಸವನ್ನೂ, ಪಟ್ಟಿ ಮಾರುವವರ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆನಿಸುವುದಿಲ್ಲ. ಅದೇನೇ ಇರಲಿ, ಲಾಗಿನ ಒಟ್ಟು ಸಂಖ್ಯೆಯನ್ನು ದಾಳಿಗಳ ಸಂಖ್ಯೆಯೆಂದು ಹೇಳುವ ರೂಟರ್ ಆ್ಯಪ್‌ಗಳು, ಜಾಹೀರಾತುಗಳು ಈ ಎಲ್ಲವನ್ನೂ ಸೇರಿಸಿ ಎಣಿಸುತ್ತವೆ ಎಂಬುದನ್ನು ಓದುಗರು ತಿಳಿದಿರಬೇಕು.

ಮೂರನೆಯ ಬದಲಾವಣೆ ಸಮಯದ್ದು. ಯಾವುದಾದರೂ ತಂತ್ರಾಂಶದ ದೋಷ ಬಹಿರಂಗವಾದದ್ದಕ್ಕೂ ಅದನ್ನು ಹುಡುಕುವ ಪ್ಯಾಕೆಟ್‌ಗಳು ಬರುವುದಕ್ಕೂ ನಡುವೆ ಹಿಂದೆ ವಾರಗಳ ಅಂತರವಿರುತ್ತಿತ್ತು. 2021ರ ಡಿಸೆಂಬರಿನ ಲಾಗ್‌ಫೋರ್‌ಶೆಲ್ ಎಂಬ ದೋಷದ ಪ್ರಕರಣದಲ್ಲಿ ಅದು ಗಂಟೆಗಳಿಗೆ ಇಳಿಯಿತು. ಇದಕ್ಕಿಂತ ಕಳವಳದ ಸಂಗತಿಯೆಂದರೆ ಹುಡುಕಾಟದ ಗುರಿ ಈಗ ರೂಟರು, ವಿಪಿಎನ್ (ಹೊರಗಿನಿಂದ ಒಳಜಾಲಕ್ಕೆ ಬರುವ ಗುಪ್ತ ಮಾರ್ಗ) ಪೆಟ್ಟಿಗೆ, ಫೈರ್‌ವಾಲ್‌ಗಳೇ ಆಗಿರುವುದು. 2016ರ ನವೆಂಬರಿನಲ್ಲಿ ಪೋರ್ಟ್ 7547ರ ಮೇಲಿನ ಹುಡುಕಾಟದಿಂದ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರುಗಳು ಕೈಕೊಟ್ಟವು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಐದು ಲಕ್ಷಕ್ಕೂ ಹೆಚ್ಚು ರೂಟರು ಮತ್ತಿತರ ಸಾಧನಗಳನ್ನು ಹಿಡಿಯಿತು. ಸಣ್ಣ ಇಂಟರ್ನೆಟ್ ಸೇವಾದಾತರ ಮೆಚ್ಚಿನ ಮೈಕ್ರೋಟಿಕ್ ರೂಟರಿನ ನಿರ್ವಹಣಾ ಪೋರ್ಟ್ 8291 ಕೂಡ ಅದೇ ವರ್ಷದಿಂದ ಲಾಗ್‌ಗಳಲ್ಲಿ ನೆಲೆಯೂರಿದೆ. ಅದರ ದೋಷಕ್ಕೆ ಏಪ್ರಿಲ್‌ನಲ್ಲೇ ತಿದ್ದುಪಡಿ ಬಂದಿದ್ದರೂ ಹಾಕಿಕೊಳ್ಳದವರ ರೂಟರುಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕ್ರಿಪ್ಟೋ ಗಣಿಗಾರಿಕೆಗೆ ಬಳಕೆಯಾದವು.

ಕನ್ನಡ ನಾಡಿಗೂ ಈ ಪಾಠ ಹೊಸದಲ್ಲ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿ ಸಂಪರ್ಕ ಕಳೆದುಕೊಂಡವು, ಕಾರಣ ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡ್ ಹಾಗೆಯೇ ಉಳಿದದ್ದು. ಆ ಸಂಸ್ಥೆ ಆಗ ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸುವಂತೆ ಸಾರ್ವಜನಿಕವಾಗಿ ಕೇಳಿಕೊಂಡಿತು.

ಲಾಗ್ ಓದುವಾಗ ಆಗುವ ತಪ್ಪು ತೀರ್ಮಾನಗಳಲ್ಲಿ ದೇಶದ ಹೆಸರಿನದೇ ಮೊದಲ ಸ್ಥಾನ. ವಿಳಾಸ ನೆದರ್ಲೆಂಡ್ಸಿನದೆಂದರೆ ಅಲ್ಲಿ ಬಾಡಿಗೆ ಸರ್ವರುಗಳು ಸುಲಭವಾಗಿ ಸಿಗುತ್ತವೆಂದಷ್ಟೇ ಅರ್ಥ. ಬಾಡಿಗೆದಾರ ಎಲ್ಲಿಯವನೆಂದು ಅದು ಹೇಳದು. ಇನ್ನೊಂದು ಬಗೆಯ ಸಾಲುಗಳಲ್ಲಿ ಸಿನ್ ಬದಲು ಸಿನ್-ಆಕ್, ಅಂದರೆ ಸಂಪರ್ಕದ ಕೋರಿಕೆಗೆ ಕೊಡುವ ಉತ್ತರ, ಇರುತ್ತದೆ. ಅದು ಹುಡುಕಾಟವೇ ಅಲ್ಲ: ಎಲ್ಲೋ ಒಂದು ಸರ್ವರಿನ ಮೇಲೆ ಖೊಟ್ಟಿ ವಿಳಾಸಗಳಿಂದ ದಾಳಿ ನಡೆದಿದೆ, ಆ ಖೊಟ್ಟಿ ವಿಳಾಸಗಳಲ್ಲಿ ನಿಮ್ಮದೂ ಒಂದು, ಪಾಪ ಆ ಸರ್ವರ್ ನಿಮಗೆ ಉತ್ತರ ಕೊಡುತ್ತಿದೆ. ನಿನ್ನೆಯವರೆಗೆ ಬೇರೊಬ್ಬ ಗ್ರಾಹಕರ ಬಳಿ ಇದ್ದ ವಿಳಾಸ ಇಂದು ನಿಮಗೆ ಬಂದಿದ್ದರೆ ಅವರ ಟೊರೆಂಟಿನ ಹಳೆಯ ಸಂಗಾತಿಗಳು ಇನ್ನೂ ಕರೆಯುತ್ತಿರುತ್ತಾರೆ. ರೂಟರ್ ಮರುಚಾಲನೆಯಾದ ಮೇಲೆ ಒಮ್ಮೆಲೆ ಏರುವ ಸಂಖ್ಯೆಗೆ ಹೆಚ್ಚಾಗಿ ಇದೇ ಕಾರಣ.

ಬೆಳಗಾವಿಯಂತಹ ಊರಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಅನುಭವವೂ ಸಾಮಾನ್ಯ: ಲಾಗ್ ಖಾಲಿ. ಎಲ್ಲರಿಗೂ ಸಾಲುವಷ್ಟು ಐಪಿವಿ4 ವಿಳಾಸಗಳು ಈಗಿಲ್ಲ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್‌ನ ಮುಕ್ತ ದಾಸ್ತಾನು 2011ರ ಏಪ್ರಿಲ್‌ನಲ್ಲಿಯೇ ಮುಗಿಯಿತು. ಹೀಗಾಗಿ ಸೇವಾದಾತರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಬಹಳಷ್ಟು ಮನೆಗಳನ್ನು ಕೂರಿಸುತ್ತಾರೆ, ಅದನ್ನು ಸಿಜಿನ್ಯಾಟ್ ಎನ್ನುತ್ತಾರೆ. ರೂಟರಿನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರೊಳಗೆ ಆರಂಭವಾಗಿದ್ದರೆ ಅಥವಾ 10ರಿಂದ ಆರಂಭವಾಗಿದ್ದರೆ ನೀವು ಅದರ ಹಿಂದಿದ್ದೀರಿ, ಹೊರಗಿನ ಹುಡುಕಾಟ ಸೇವಾದಾತರ ಯಂತ್ರದಲ್ಲಿಯೇ ನಿಂತುಹೋಗುತ್ತದೆ. ಖಾಲಿ ಲಾಗನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಭಾವಿಸುವಂತಿಲ್ಲ. ಅದೇ ಸಂಪರ್ಕದಲ್ಲಿ ಹೊಸ ಬಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6 ಕೂಡ ಬರುತ್ತಿದ್ದು, ಅದರಲ್ಲಿ ಮನೆಯ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸವಿರಬಹುದು. ಒಂದು ಮನೆಗೆ ಸಿಗುವ ಐಪಿವಿ6 ವ್ಯಾಪ್ತಿಯೇ ಇಡೀ ಐಪಿವಿ4 ಜಗತ್ತಿನ 400 ಕೋಟಿ ಪಟ್ಟಿಗೂ ಹೆಚ್ಚು ದೊಡ್ಡದಾದ್ದರಿಂದ ಅದನ್ನು ಕುರುಡಾಗಿ ಜಾಲಾಡಲಾಗದು, ಸರಿ. ಆದರೆ ಹುಡುಕುವವರು ಕುರುಡಾಗಿ ಹುಡುಕುವುದೂ ಇಲ್ಲ. ಸಮಯ ಹೊಂದಿಸಿಕೊಳ್ಳಲು ಸಾಧನಗಳು ಸಂಪರ್ಕಿಸುವ ಎನ್‌ಟಿಪಿ ಸರ್ವರುಗಳನ್ನು ತಾನೇ ನಡೆಸಿ, ಹಾಗೆ ಬಂದವರ ಐಪಿವಿ6 ವಿಳಾಸಗಳನ್ನು ಶೋಡಾನ್ ಹೆಕ್ಕಿಕೊಳ್ಳುತ್ತಿದ್ದದ್ದು 2016ರಲ್ಲಿಯೇ ಬೆಳಕಿಗೆ ಬಂದಿತ್ತು. ಒಳಬರುವ ಐಪಿವಿ6 ಸಂಪರ್ಕಗಳನ್ನು ರೂಟರ್ ತಡೆಯುತ್ತಿದೆಯೇ ಎಂದು ಒಮ್ಮೆ ಪರೀಕ್ಷಿಸುವುದು, ಐಪಿವಿ4 ಲಾಗಿನ ಸಾವಿರ ಸಾಲುಗಳನ್ನು ಓದುವುದಕ್ಕಿಂತ ಉಪಯುಕ್ತ.

ಅಪಾಯ ನಿಜವಾಗಿ ಇರುವ ಕಡೆಗೆ ಈಗ ಬರೋಣ. ಫೈರ್‌ವಾಲ್ ಲಾಗ್ ಬರೆಯುವುದು ತಡೆದದ್ದನ್ನು. ಬಿಟ್ಟದ್ದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಶಿನ್ ಶಾಪುಗಳಂತಹ ಕಡೆ ಸ್ಥಿರ ಐಪಿ ಕೊಂಡು, ಮಾಲೀಕರು ಮನೆಯಿಂದಲೇ ಟ್ಯಾಲಿ ನೋಡಬೇಕೆಂದು ಲೆಕ್ಕದ ಕಂಪ್ಯೂಟರಿನ ರಿಮೋಟ್ ಡೆಸ್ಕ್‌ಟಾಪನ್ನು ರೂಟರಿನಲ್ಲಿ ಹೊರಗೆ ತೆರೆದಿಡುವ ಪರಿಪಾಠ ಸಣ್ಣ ಉದ್ದಿಮೆಗಳಿಗೆ ಹೊಸದಲ್ಲ. ಹಾಗೆ ತೆರೆದ ಪೋರ್ಟಿಗೆ ಬರುವ ಪಾಸ್‌ವರ್ಡ್ ಪ್ರಯೋಗಗಳು ಫೈರ್‌ವಾಲ್ ಲಾಗಿನಲ್ಲಿ ಒಂದೂ ಕಾಣುವುದಿಲ್ಲ, ಏಕೆಂದರೆ ಒಳಗೆ ಬಿಡು ಎಂದು ಫೈರ್‌ವಾಲಿಗೆ ಹೇಳಿಯಾಗಿದೆ; ಅವು ಇರುವುದು ಆ ವಿಂಡೋಸ್ ಕಂಪ್ಯೂಟರಿನ ಭದ್ರತಾ ದಾಖಲೆಯಲ್ಲಿ, ವಿಫಲ ಲಾಗಿನ್ ಎಂಬ 4625 ಸಂಖ್ಯೆಯ ಕೆಳಗೆ. ಡಿವಿಆರ್‌ಗಳ ಕಥೆ ಇನ್ನೂ ಸರಳ. ಯುಪಿಎನ್‌ಪಿ ಸೌಲಭ್ಯ ಚಾಲೂ ಇದ್ದರೆ ಡಿವಿಆರ್ ಯಾರನ್ನೂ ಕೇಳದೆ ರೂಟರಿಗೆ ಹೇಳಿ ತನ್ನ ಪೋರ್ಟನ್ನು ತಾನೇ ತೆರೆಸಿಕೊಳ್ಳುತ್ತದೆ. ಮೊಬೈಲ್ ಆ್ಯಪಿನಲ್ಲಿ ಕ್ಯಾಮೆರಾ ನೋಡುವ ಕ್ಲೌಡ್ ಸೇವೆಗಳಲ್ಲಂತೂ ಸಾಧನವೇ ಹೊರಗಿನ ಸರ್ವರಿಗೆ ಸಂಪರ್ಕ ಹಿಡಿದಿರುವುದರಿಂದ ಒಳಬರುವ ಸಾಲಿನ ಪ್ರಶ್ನೆಯೇ ಏಳದು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿ ಕ್ಯಾಮೆರಾ ದೃಶ್ಯಗಳು ಹೊರಬಿದ್ದು ಮಾರಾಟವಾದಾಗ, ದುರ್ಬಲ ಪಾಸ್‌ವರ್ಡ್ ಏನು ಮಾಡಬಲ್ಲದೆಂದು ದೇಶವೇ ನೋಡಿತು.

ಅಗ್ಗದ ಆಂಡ್ರಾಯ್ಡ್ ಟಿವಿ ಪೆಟ್ಟಿಗೆಗಳು ಮತ್ತೊಂದು ಬಗೆ. ಕಾರ್ಖಾನೆಯಿಂದ ಬರುವಾಗಲೇ ಸೋಂಕು ಹೊತ್ತು ಬರುವ ಇಂತಹ ಪೆಟ್ಟಿಗೆಗಳ ಬ್ಯಾಡ್‌ಬಾಕ್ಸ್ 2.0 ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಇವು ಮನೆಯ ಸಂಪರ್ಕವನ್ನು ಅಪರಿಚಿತರಿಗೆ ಬಾಡಿಗೆಗೆ ಬಿಡುತ್ತವೆ. ಯಾರದೋ ಲಾಗಿನಲ್ಲಿ ಬೆಳಗಾವಿಯ ವಿಳಾಸ ಆಗ ದಾಳಿಕೋರನದಾಗಿ ಕಾಣುತ್ತದೆ.

ಆದುದರಿಂದ ಲಾಗನ್ನು ಒಳಮುಖದಿಂದ ಹೊರಮುಖಕ್ಕೆ ತಿರುಗಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯೊಳಗಿನಿಂದ ಹೊರಗಿನ ವಿಳಾಸಗಳ 23, 2323, 445, 5555ನೇ ಪೋರ್ಟುಗಳಿಗೆ ಹೋಗುವ ಸಂಪರ್ಕಗಳನ್ನು ತಡೆದು ದಾಖಲಿಸುವ ಒಂದು ನಿಯಮ ಬರೆದರೆ ತಿಂಗಳುಗಟ್ಟಲೆ ಅದು ಖಾಲಿಯಾಗಿಯೇ ಇರುತ್ತದೆ, ಇರಬೇಕು ಕೂಡ. ಅಲ್ಲಿ ಒಂದು ಸಾಲು ಬಂದರೂ ಅದು ನಿಮ್ಮದೇ ವಸ್ತುವಿನ ಬಗ್ಗೆ ಹೇಳುವ ಸಾಲು. ಒಳಬರುವ ಸದ್ದನ್ನು ಬರೆದಿಡುವುದನ್ನೇ ನಿಲ್ಲಿಸಿದರೂ ನಷ್ಟವಿಲ್ಲ, ಅಧ್ಯಯನದ ಆಸಕ್ತಿಯಿದ್ದವರು ಮಾತ್ರ ಇಟ್ಟುಕೊಳ್ಳಲಿ. ಯುಪಿಎನ್‌ಪಿ ಬಂದ್ ಮಾಡಿ, ಹೊರಗೆ ಪೋರ್ಟ್ ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಬದಲು ವೈರ್‌ಗಾರ್ಡ್‌ನಂತಹ ವಿಪಿಎನ್ ಹಾಕಿಕೊಂಡರೆ ಕಾರ್ಖಾನೆಯ ಲೆಕ್ಕವನ್ನು ಮನೆಯಿಂದ ನೋಡುವ ಅನುಕೂಲವೂ ಉಳಿಯುತ್ತದೆ. ವೈರ್‌ಗಾರ್ಡ್ ಸರಿಯಾದ ಕೀಲಿಯಿಲ್ಲದ ಪ್ಯಾಕೆಟ್ಟಿಗೆ ಉತ್ತರವನ್ನೇ ಕೊಡದ ಕಾರಣ ಹುಡುಕುವವರಿಗೆ ಅದು ಕಾಣುವುದೂ ಇಲ್ಲ.

ಹೊರಮುಖದ ಪಟ್ಟಿಯಲ್ಲಿ ಡಿವಿಆರ್ ಸಿಕ್ಕಿಬಿದ್ದರೆ ಕ್ರಮ ಮುಖ್ಯ. ಮೊದಲು ಜಾಲದ ಕೇಬಲ್ ಕೀಳಬೇಕು, ನಂತರ ಮರುಚಾಲನೆ, ನಂತರ ಪಾಸ್‌ವರ್ಡ್ ಬದಲಾವಣೆ, ಕೊನೆಗೆ ಮರುಜೋಡಣೆ. ಮಿರಾಯ್ ಸಂತತಿ ಹೆಚ್ಚಾಗಿ ಸಾಧನದ ಮೆಮೊರಿಯಲ್ಲಷ್ಟೇ ವಾಸಿಸುವುದರಿಂದ ಮರುಚಾಲನೆಗೆ ಅಳಿಸಿಹೋಗುತ್ತದೆ, ಆದರೆ ಹಳೆಯ ಪಾಸ್‌ವರ್ಡಿನೊಂದಿಗೆ ಮತ್ತೆ ಜೋಡಿಸಿದರೆ ನಿಮಿಷಗಳಲ್ಲಿ ಮರಳುತ್ತದೆ. 2016ರಲ್ಲಿ ಚೀನಾದ ಶಿಯೊಂಗ್‌ಮಾಯ್ ಕಂಪನಿಯ ಬಿಡಿಭಾಗಗಳಿದ್ದ ಸಾಧನಗಳಲ್ಲಿ ಕಂಡಂತೆ ಪಾಸ್‌ವರ್ಡ್ ಒಳಗೇ ಅಚ್ಚಾಗಿದ್ದು ಬದಲಿಸಲಾಗದ ಮಾದರಿಗಳೂ ಇವೆ. ಅಂತಹ ಡಿವಿಆರ್‌ಗೆ ರೂಟರಿನಲ್ಲಿ ಇಂಟರ್ನೆಟ್ ನಿಲ್ಲಿಸಿ ಮನೆಯೊಳಗಿನ ಜಾಲದಲ್ಲಿ ಮಾತ್ರ ಇಟ್ಟುಕೊಳ್ಳಬಹುದು. ಹಾರ್ಡ್ ಡಿಸ್ಕಿಗೆ ದೃಶ್ಯ ದಾಖಲಿಸಿಕೊಳ್ಳಲು ಅದಕ್ಕೆ ಇಂಟರ್ನೆಟ್ ಬೇಕಾಗುವುದಿಲ್ಲ.